ಮಾತಿನ ತಟ್ಟೆ ಒಡೆದ ದಿನ

"ಆವತ್ತು ಆ ತಟ್ಟೆ ಒಡೀದೆ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತೋ?"

ವಿಲ್ಫ್ ಯಾರನ್ನೂ ಕೇಳಿದ್ದಲ್ಲ. ಇಂಗ್ಲೆಂಡಿನ ಬಟ್ಟೆಗಿರಣಿಗಳ ಊರು ಬರ್ನ್ಲಿಯ ಗ್ರಂಥಾಲಯದಲ್ಲಿ ಬಿಳಿ ಪರದೆಯ ಎದುರು ಕೂತಾಗ ತಾನಾಗಿ ಬಾಯಿಗೆ ಬಂತು. ಪಕ್ಕದಲ್ಲಿದ್ದ ಹೆಂಡತಿ ಎಡ್ನಾ ಕೈಚೀಲವನ್ನು ಬಿಗಿಯಾಗಿ ಹಿಡಿದಳು.

ನಲವತ್ತೆರಡು ವರ್ಷದ ಹಿಂದೆ, ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ, ಚಿತ್ರ ತೆರೆಯ ಮೇಲಾದರೆ ಮಾತು ಗ್ರಾಮಫೋನ್ ತಟ್ಟೆಯಲ್ಲಿ. ಊರೆಲ್ಲ ಓದಿದ್ದ ಪತ್ತೇದಾರಿ ಕಾದಂಬರಿಯೊಂದು ಹಾಗೆ ಸಿನಿಮಾ ಆಗಿ ಬಂದಿತ್ತು. ಅಂದು ಟಾಕೀಸಿನಲ್ಲಿ ಕಡೆಯ ರೀಲಿನ ತಟ್ಟೆ ಹೋಳಾಯಿತು. ಪತ್ತೇದಾರ ಬಾಯಾಡಿಸುತ್ತಿದ್ದ, ದನಿಯಿಲ್ಲ. ಆದರೂ ಯಾರೂ ಗಲಾಟೆ ಮಾಡಲಿಲ್ಲ. ಗಿರಣಿಯ ಮಗ್ಗಗಳ ಸದ್ದಿನಲ್ಲಿ ತುಟಿ ನೋಡಿಯೇ ಸುಖದುಃಖ ಹಂಚಿಕೊಂಡ ಹೆಂಗಸರೇ ಅಲ್ಲಿ ತುಂಬಿದ್ದರು. ಕಲ್ಲಿದ್ದಲು ಮಂಡಿಯ ಗುಮಾಸ್ತ ವಿಲ್ಫ್ ಒಬ್ಬನೇ ಪೆಚ್ಚಾಗಿ ಕೂತಿದ್ದ. ಪಕ್ಕದ ಸೀಟಿನ ಗುರುತಿಲ್ಲದ ಗಿರಣಿ ಹುಡುಗಿ, ಈ ಎಡ್ನಾ, ಒಂದೊಂದೇ ಮಾತನ್ನು ಅವನ ಕಿವಿಗೆ ಹಾಕಿದಳು. ಪತ್ತೇದಾರ ನಾಯಕಿಗೆ ಹೇಳಿದ ಕಡೆಯ ಮಾತು: "ಮಂಜು ಕವಿದಿದೆ, ಮನೆತನಕ ಜೊತೆಗೆ ಹೋಗೋಣ." ಹಿಂದಿನ ಸಾಲಿನ ಹುಡುಗಿಯರು ಮುಸಿಮುಸಿ ನಕ್ಕರು. ಹೊರಗೆ ಬಂದರೆ ನಿಜವಾಗಿಯೂ ಮಂಜು. ವಿಲ್ಫ್ ಅದೇ ಮಾತನ್ನು ಅವಳಿಗೆ ಹೇಳಿದ. ಅಂದಿನಿಂದ ಪ್ರತಿ ಭಾನುವಾರ ಪ್ರಾರ್ಥನೆ ಮುಗಿದು ಮನೆಗೆ ಹೊರಡುವಾಗಲೂ ಹೇಳುತ್ತಾನೆ.

ಈಗ ಆ ಕಡೆಯ ರೀಲು ಯಾರದೋ ಅಟ್ಟದಲ್ಲಿ ಸಿಕ್ಕಿದೆ, ತಟ್ಟೆ ಸಿಕ್ಕಿಲ್ಲ. ಹಳೆಯ ಚಿತ್ರಗಳನ್ನು ಕಾಪಾಡುವ ಮಿಸ್ ಪೆಂಡರ್, ತುಟಿ ಓದಬಲ್ಲ ಹಳೆಯ ನೇಕಾರಳನ್ನು ಹುಡುಕಿ ಬಂದಿದ್ದಳು.

ರೀಲು ಓಡಿತು. ಎಡ್ನಾ ಹೇಳುತ್ತ ಹೋದಳು, ಮಿಸ್ ಪೆಂಡರ್ ಬರೆದುಕೊಂಡಳು. ಕೊಲೆಗಾರ ಡಾಕ್ಟರ್ ಸಿಕ್ಕಿಬಿದ್ದ. ಪತ್ತೇದಾರ ನಾಯಕಿಯತ್ತ ತಿರುಗಿದ. ಅವನ ತುಟಿ ಅಂದು ಹೇಳಿದ್ದನ್ನೇ ಇಂದೂ ಹೇಳಿತು: "ದೀಪ ಆರಿಸಿ, ಕೆಲಸ ಮುಗೀತು." ಮಂಜೂ ಇಲ್ಲ, ಮನೆಯೂ ಇಲ್ಲ. ಅಂದು ವಿಲ್ಫ್‌ನ ಕಿವಿಗೆ ಹಾಕಿದ ಆ ಮಂಜಿನ ಮಾತು ಎಡ್ನಾ ಜನ್ಮದಲ್ಲಿ ಆಡಿದ ಒಂದೇ ಸುಳ್ಳು.

"ಕಡೇ ಮಾತು ಏನಮ್ಮಾ?" ಮಿಸ್ ಪೆಂಡರ್ ಕೇಳಿದಳು.

"ನಾನೇ ಹೇಳ್ಲಾ? ನಂಗೆ ಬಾಯಿಪಾಠ," ವಿಲ್ಫ್ ನಕ್ಕ.

"ನಿಮ್ಮದು ಬೇಡ ಯಜಮಾನ್ರೇ, ತುಟಿ ಓದೋರು ಹೇಳ್ಬೇಕು."

"ಸರಿ, ನೀನೇ ಹೇಳೇ. ಅವರ ಪುಸ್ತಕದಲ್ಲಿ ಶಾಶ್ವತವಾಗಿ ಉಳೀಲಿ."

ಎಡ್ನಾ ಗಂಡನ ಮುಖ ನೋಡಿದಳು. ಅಂದಿನ ಆ ಕತ್ತಲಲ್ಲಿ ಕಿವಿಗೊಟ್ಟು ಬಾಗಿದ್ದ ಹಾಗೆಯೇ ಬಾಗಿದ್ದ. ಬರೆದಿಡುವವರ ಮುಂದೆ ಇನ್ನೊಂದು ಸುಳ್ಳು ಆಡುವುದು ಅವಳಿಂದಾಗದು. ಅವನೆದುರು ನಿಜ ಹೇಳುವುದಂತೂ ಮೊದಲೇ ಆಗದು.

"ಹೇಳಲ್ಲ," ಅಂದಳು.