ಎರಡು ಸಹಿಯ ಬೀಗ

ಮೊದಲ ಬಾಂಬು ಬಿದ್ದಾಗ ಲೊವ್ರೆ ಹುಟ್ಟು ಹಾಕುತ್ತ ಅರ್ಧ ಕೊಲ್ಲಿ ದಾಟಿದ್ದ. ಅವನ ಬೆನ್ನ ಹಿಂದೆ, ಲಂಗರು ಹಾಕಿ ನಿಂತಿದ್ದ ಪುಟ್ಟ ಯುದ್ಧನೌಕೆ 'ಚಿಯೊಪಾ'ದ ಮೇಲೆ ಅವನ ಹೆಂಡತಿಯ ತಮ್ಮ ವಿಟ್ಸ್ಕೊ ಶತ್ರು ವಿಮಾನಗಳತ್ತ ತೋಪು ತಿರುಗಿಸಿ ಕಾಯುತ್ತಿದ್ದ. ಅಂದು ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ. ತೋಪಿನ ಕೊಳವೆಗೆ ವಿಟ್ಸ್ಕೊ ಗರಿಯ ಬದಲು ಆಲಿವ್ ಚಿಗುರು ಕಟ್ಟಿದ್ದ. ಗುಂಡುಗಳು ಬೇಕಾದಷ್ಟಿದ್ದವು. ಅವುಗಳ ಮೂತಿಗೆ ತಿರುಚಿ ಕೂರಿಸುವ ಫ್ಯೂಸು ಮಾತ್ರ ಒಂದೂ ಇರಲಿಲ್ಲ. ಅದಿಲ್ಲದ ಗುಂಡು ಬರೀ ಕಬ್ಬಿಣ. ಅದನ್ನು ತರಲೆಂದೇ ಲೊವ್ರೆ ದಡಕ್ಕೆ ಹೊರಟಿದ್ದ.

ಹಿಂದಿನ ಮಹಾಯುದ್ಧದಲ್ಲಿ ಇದೇ ಕೊಲ್ಲಿಯ ನಾವಿಕರು ದಂಗೆಯೆದ್ದು ಅಧಿಕಾರಿಗಳ ಮೇಲೆ ತೋಪು ತಿರುಗಿಸಿದ್ದರು. ಆ ಯುದ್ಧ ಮುಗಿದು ಹುಟ್ಟಿದ ಹೊಸ ರಾಜ್ಯಕ್ಕೆ ಹಳೆಯ ಹಡಗುಗಳ ಜೊತೆ ಆ ಭಯವೂ ಬಂತು. ನೌಕಾಪಡೆ ಕಟ್ಟುವಾಗ ಗುಂಡು ಹಡಗಿನಲ್ಲಿ, ಫ್ಯೂಸು ದಡದ ಉಗ್ರಾಣದಲ್ಲಿ ಎಂದಾಯಿತು. ಬೀಗ ತೆಗೆಯಲು ಭೂಸೇನೆಯದೊಂದು, ನೌಕಾಪಡೆಯದೊಂದು ಸಹಿ ಬೇಕು.

ಉಗ್ರಾಣದ ಮುದುಕ ಶಿಮೆ, ಊರಿಗೆಲ್ಲ 'ಬಾರ್ಬಾ' ಎಂದರೆ ದೊಡ್ಡಪ್ಪ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ನೌಕಾಪಡೆಯ ಕಪ್ತಾನರು ರಜೆಯಲ್ಲಿದ್ದಾರೆ, ಭೂಸೇನೆಯ ಕರ್ನಲ್ಲರ ಕಚೇರಿ ಹೊತ್ತಿ ಉರಿಯುತ್ತಿದೆ ಎಂದು ಲೊವ್ರೆ ಏದುಸಿರಿನಲ್ಲೇ ಹೇಳಿದ. ಮುದುಕ ಗೋಡೆಯ ನಿಯಮಪಟ್ಟಿ ತೋರಿಸಿದ.

"ಇದು ಯಾರ ಅಕ್ಷರ ಹೇಳು? ಎರಡು ಸಹಿ ಇಲ್ದೆ ಅಪ್ಪ ಬಂದ್ರೂ ತೆಗೀಬೇಡ ಅಂತ ಮುತ್ತು ಪೋಣಿಸ್ದಂಗೆ ಬರ್ದೋನು ನೀನೇ ಅಲ್ವೇನಯ್ಯಾ?"

ಹೌದು. ಆಗ ಕಚೇರಿಯ ಗುಮಾಸ್ತನಾಗಿ ಕರಡು ತಿದ್ದಿ, ಸಂದುಗಳನ್ನೆಲ್ಲ ಮುಚ್ಚಿ, ಹೆಮ್ಮೆಪಟ್ಟವನೂ ಅವನೇ.

"ಬಾರ್ಬಾ, ಅಲ್ಲಿ ವಿಟ್ಸ್ಕೊ ಇದಾನೆ."

"ಕೊಟ್ರೆ ನಾಳೆ ನನ್ನನ್ನ ಗೋಡೆಗೆ ನಿಲ್ಲಿಸಿ ಗುಂಡು ಹೊಡೀತಾರೆ."

ಲೊವ್ರೆ ಹುಟ್ಟಿನಿಂದ ಅವನ ತಲೆಗೆ ಹೊಡೆದ. ಒಂದೇ ಏಟಿಗೆ ಬೀಳಲಿಲ್ಲ. ಇನ್ನೊಂದು ಹೊಡೆದ. ರಕ್ತದಲ್ಲಿ ಜಾರುವ ಬೆರಳುಗಳಿಂದ ಕೀಲಿ ಕಿತ್ತುಕೊಂಡ.

ಫ್ಯೂಸು ತುಂಬಿಕೊಂಡು ಮರಳುವಷ್ಟರಲ್ಲಿ 'ಚಿಯೊಪಾ' ನಡುವೆ ಸೀಳಿಹೋಗಿ, ಮೂತಿಯಷ್ಟೇ ನೀರಿನ ಮೇಲಿತ್ತು. ಸುತ್ತ ಉರಿಯುವ ಎಣ್ಣೆ. ಅದರಲ್ಲಿ ಕೂಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಬೆಂಕಿಯ ಸಂದಿನಲ್ಲಿ ದೋಣಿ ನುಗ್ಗಿಸಿ ಲೊವ್ರೆ ಮೂತಿ ಹತ್ತಿದ. ವಿಟ್ಸ್ಕೊ ಅಲ್ಲಿನ ತೋಪಿಗೆ ಒರಗಿದ್ದ, ಸೊಂಟದ ಕೆಳಗೆ ಏನೂ ಉಳಿದಿರಲಿಲ್ಲ. ಅವನು ಅಪ್ಪಿಕೊಂಡಿದ್ದ ಗುಂಡನ್ನು ಬಿಡಿಸಿ, ಲೊವ್ರೆ ಫ್ಯೂಸು ತಿರುಚಿ ಹಾರಿಸಿದ. ವಿಮಾನ ಬೆಟ್ಟ ದಾಟಿ ಹೋಗಿತ್ತು. ಇನ್ನೂ ಎರಡು ಹಾರಿಸಿದ, ಖಾಲಿ ಆಕಾಶಕ್ಕೆ.

ಉಗ್ರಾಣಕ್ಕೆ ಹಿಂದಿರುಗಿ ಅಂಗಿ ಹರಿದು ಮುದುಕನ ತಲೆಗೆ ಕಟ್ಟಿದ. ಶಿಮೆ ಒಂದು ಕಣ್ಣು ತೆರೆದ.

"ವಿಮಾನ ಬಿತ್ತಾ?"

"ಇಲ್ಲ."

"ಹುಡುಗ?"

ಲೊವ್ರೆ ಕಟ್ಟಿನ ಗಂಟನ್ನು ಇನ್ನೊಮ್ಮೆ ಬಿಗಿದ. ಮುದುಕ ಉಗ್ರಾಣದ ಲೆಕ್ಕದ ಪುಸ್ತಕವನ್ನು ಅವನತ್ತ ನೂಕಿದ.

"ಸಹಿ ಹಾಕು. ಭೂಸೇನೆ, ನೌಕಾಪಡೆ, ಎರಡೂ ಕಡೆ."

ಲೊವ್ರೆ ಎರಡೂ ಕಡೆ ತನ್ನ ಹೆಸರನ್ನೇ ಬರೆದ, ಮುತ್ತು ಪೋಣಿಸಿದ ಹಾಗೆ.