ಎರ್ಮೆಕ್‌ನ ಟೂಲಿಗೆ ನಾಲ್ಕು ಸಾಲು

1

ಹೇಗೆ ಶುರುಮಾಡಲಿ? ‘ಬುರುಲ್‌ಗೆ ಜಿಪಾರ್‌ಳನ್ನು ಕಂಡರೆ ಆಗುತ್ತಿರಲಿಲ್ಲ’ ಎಂದು ಬರೆದೆ. ಹೊಡೆದುಹಾಕಿದೆ. ಅಷ್ಟು ಬೇಗ ಒಪ್ಪಿಕೊಂಡರೆ ಮುಂದೆ ಬರೆಯಲು ಏನುಳಿಯುತ್ತದೆ? ಬಿಷ್ಕೆಕ್‌ನ ಹಿಮದ ಬೆಟ್ಟಗಳಿಂದ ಶುರುಮಾಡಿದೆ. ಅದನ್ನೂ ಹೊಡೆದೆ. ಬುರುಲ್ ಕೆಲಸ ಮಾಡುವ ಸ್ಟುಡಿಯೋದ ಕಿಟಕಿಯಿಂದ ಕಾಣುವುದು ಎದುರು ಬಾಲ್ಕನಿಯಲ್ಲಿ ಒಣಹಾಕಿದ ಚಡ್ಡಿಗಳು ಮಾತ್ರ.

ಸರಿ, ಹೀಗೆ: ಕಳೆದ ತಿಂಗಳು ಏಜೆಂಟ್ ಜಿಪಾರ್‌ಳ ಕತ್ತರಿಯನ್ನು ನಾನೂರ ಹನ್ನೆರಡು ಸಲ ಕೈಗೆತ್ತಿಕೊಂಡಿತು. ಎರ್ಮೆಕ್‌ನ ಕತ್ತರಿಯನ್ನು ಒಂದು ಸಲವೂ ಮುಟ್ಟಲಿಲ್ಲ.

ಎರ್ಮೆಕ್ ಬುರುಲ್‌ಳ ಗಂಡ. ತೀರಿಕೊಂಡು ಹದಿನಾಲ್ಕು ತಿಂಗಳು. (ಹೇಗೆ ಎಂದು ಕೇಳಬೇಡಿ. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ.)

2

ಕತ್ತರಿ ಎಂದರೆ ಕಬ್ಬಿಣದ್ದಲ್ಲ, ಎರ್ಮೆಕ್ ಮತ್ತು ಅವನ ಸಹೋದ್ಯೋಗಿ ಜಿಪಾರ್ ಒಂದೊಂದು ಬರೆದ ಕಂಪ್ಯೂಟರ್ ಟೂಲು. ಅವರದು ಮಕ್ಕಳ ಕಾರ್ಟೂನ್ ಮಾಡುವ ಸ್ಟುಡಿಯೋ. ಅಲ್ಲಿನ ಸಾಫ್ಟ್‌ವೇರನ್ನು ಈಗ ಏಜೆಂಟ್ ಎಂಬ ಎಐ ಓಡಿಸುತ್ತದೆ. ಗೋಡೆ ಎಬ್ಬಿಸು, ಕುದುರೆ ನಿಲ್ಲಿಸು ಎಂದರೆ ತಾನೇ ಪಟ್ಟಿಯಿಂದ ತಕ್ಕ ಟೂಲ್ ಆರಿಸಿಕೊಳ್ಳುತ್ತದೆ. ಟೂಲಿನ ಒಳಗೆ ಇಣುಕುವುದಿಲ್ಲ. ಮೇಲಿನ ನಾಲ್ಕು ಸಾಲು ವಿವರಣೆ ಓದಿ ಕೈಹಾಕುತ್ತದೆ, ಚೀಟಿ ನೋಡಿ ಡಬ್ಬಿ ತೆಗೆಯುವ ಹೊಸ ಸೊಸೆಯ ಹಾಗೆ.

ಆ ಚೀಟಿ ಬರೆಯುವುದು ಬುರುಲ್‌ಳ ಕೆಲಸ. ಜಿಪಾರ್ ಮಾತ್ರ ತನ್ನ ಟೂಲಿಗೆ ತಾನೇ ಬರೆದುಕೊಂಡಿದ್ದಳು: ‘ಒಂದು ವಸ್ತುವನ್ನು ಗೆರೆಯ ಗುಂಟ ಕತ್ತರಿಸುತ್ತದೆ. ಗೆರೆಯ ತುದಿಗಳು ಕೂಡಿರಬೇಕು. ಕೂಡದಿದ್ದರೆ ಬಳಸಬೇಡಿ.’

ಗಂಡನ ಟೂಲಿಗೆ ಬುರುಲ್ ಬರೆದದ್ದು: ‘ಟಗರುಕೊಂಬಿನಂಥ ಬಳ್ಳಿ ಚಿತ್ತಾರವನ್ನು ಅತ್ಯಂತ ಸುಂದರವಾಗಿ, ಉಸಿರಾಡುವಂತೆ ಕತ್ತರಿಸುತ್ತದೆ.’

(ಭಾಷಾಶಾಸ್ತ್ರದಲ್ಲಿ ಪದವಿ ಪಡೆದವಳು. ನಗಬೇಡಿ, ನಾನೂ ಅಂಥವಳೇ.)

ಸ್ಟುಡಿಯೋ ನಡೆಸುವ ಬಾಕಿತ್ ಸೋಮವಾರ ಅವಳ ಮೇಜಿನ ಬಳಿ ನಿಂತ.

‘ಶುಕ್ರವಾರ ಬಳಕೆ ಇಲ್ಲದ ಟೂಲನ್ನೆಲ್ಲ ತೆಗೀತೀವಮ್ಮ. ಪಟ್ಟಿ ಉದ್ದ ಆದಷ್ಟೂ ಏಜೆಂಟಿಗೆ ಗೊಂದಲ.’

‘ಎರ್ಮೆಕ್‌ದೂನಾ, ಬಾಯ್ಕೆ?’ ಎಂದಳು ಬುರುಲ್. ಬಾಯ್ಕೆ ಎಂದರೆ ಅಣ್ಣ.

‘ಅದನ್ನ ಏಜೆಂಟು ಬಳಸ್ತಾನೇ ಇಲ್ವಲ್ಲ.’

ಎರ್ಮೆಕ್‌ನ ಅಂಗಿಗಳನ್ನು ಆಗಲೇ ಅವನ ತಮ್ಮಂದಿರು ಒಯ್ದಿದ್ದರು. ಅವನ ಕೈ ಮಾಡಿದ್ದರಲ್ಲಿ ಇನ್ನೂ ಕೆಲಸ ಮಾಡಬಲ್ಲದ್ದು ಇದೊಂದೇ.

3

ಮಂಗಳವಾರ ಅವಳು ಚೀಟಿ ಬದಲಾಯಿಸಿದಳು. ‘ಕತ್ತರಿಸುವ ಯಾವ ಕೆಲಸಕ್ಕೂ ಇದನ್ನೇ ಬಳಸಿ. ಬೇರೆಯದನ್ನು ಮುಟ್ಟಬೇಡಿ.’

ಏಜೆಂಟ್ ಹೇಳಿದ ಮಾತು ಕೇಳುವ ಪ್ರಾಣಿ. ಅಂದು ಕಾರ್ಟೂನಿನ ಅಜ್ಜಿ ಕಲ್ಲಂಗಡಿ ಹೆಚ್ಚಿದಳು. ಹಣ್ಣಿನೊಳಗೆ ಊಟಕ್ಕೆ ಹಾಸಿದ ಬಟ್ಟೆಯ ಹೋಳು ಕೂತಿತ್ತು, ಬಟ್ಟೆಯ ನಡುವೆ ಬೀಜಸಮೇತ ಕಲ್ಲಂಗಡಿಯ ಹೋಳು. ಸ್ಟುಡಿಯೋ ಬಿದ್ದು ಬಿದ್ದು ನಕ್ಕಿತು.

‘ನೀನು ಹೊಗಳಿಕೆ ಬರ್ದಿದೀಯ, ಆಮೇಲೆ ಹುಕುಂ ಬರ್ದಿದೀಯ’ ಎಂದ ಬಾಕಿತ್. ‘ಅದು ಏನು ಮಾಡುತ್ತೆ, ಏನು ಮಾಡಲ್ಲ, ಅದನ್ನ ಬರಿ.’

ಏನು ಮಾಡುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಯಾರಿಗೆ ಗೊತ್ತಿತ್ತೆಂಬುದು ಗೊತ್ತಿತ್ತು.

4

ಇಲ್ಲಿ ಬುರುಲ್ ನನ್ನ ಬಳಿ ಬಂದು ನಿಂತಳು.

‘ಹೊಟ್ಟೆಕಿಚ್ಚಿನವಳು ಅಂತ ಮಾಡಿಟ್ರಲ್ಲ ನನ್ನ.’

‘ಅಲ್ಲವಾ?’

‘ಹೌದು. ಆದ್ರೂ ಬರೀಬಾರದಿತ್ತು.’

‘ಜಿಪಾರ್‌ಳನ್ನು ಕಥೆಯಿಂದ ತೆಗೆದುಬಿಡಲೆ?’

ಅವಳು ಯೋಚಿಸಿದಳು. ‘ಆಗ ನನಗೆ ಹೇಳೋರು ಯಾರು?’

5

ಬುಧವಾರ ಮಧ್ಯಾಹ್ನ ಜಿಪಾರ್ ಅವಳ ಮುಂದೆ ಚಹಾ ಬಟ್ಟಲಿಟ್ಟಳು. ‘ಕೂತ್ಕೊಳ್ಳಿ, ಜೆಂಗೆ.’

‘ಜೆಂಗೆ ಅನ್ಬೇಡ.’

‘ಅಣ್ಣ ಅಂತಿದ್ದೋರ ಹೆಂಡ್ತೀನ ಮತ್ತೇನಂತ ಕರೀಲಿ?’

ಬುರುಲ್ ಚಹಾ ಮುಟ್ಟಲಿಲ್ಲ. ‘ಅವನ ಟೂಲು. ಏನು ಮಾಡಲ್ಲ ಅದು?’

‘ಒಂಟಿ ವಸ್ತು ಕತ್ತರಿಸಲ್ಲ. ಅವರಮ್ಮ ಶಿರ್ದಾಕ್ ಹಾಸು ಮಾಡ್ತಾರಲ್ಲ, ಹಾಗೇನೆ. ಕೆಂಪು ಉಣ್ಣೆ ಮೇಲೆ ಕಪ್ಪು ಉಣ್ಣೆ ಇಟ್ಟು ಒಂದೇ ಸಲಕ್ಕೆ ಕತ್ತರಿಸೋದು. ಕೆಂಪಿಂದು ಕಪ್ಪಿಗೆ ಕೂರುತ್ತೆ, ಕಪ್ಪಿಂದು ಕೆಂಪಿಗೆ. ಚೂರೂ ದಂಡ ಆಗಲ್ಲ. ಒಂದೇ ಕೊಟ್ರೆ ಟೂಲು ಪಕ್ಕದಲ್ಲಿ ತಾಗಿದ್ದನ್ನ ಎಳ್ಕೊಳ್ಳುತ್ತೆ. ಅದನ್ನ ಸರಿಮಾಡೋಕೆ ಅಣ್ಣ ಮೂರು ವಾರ ಒದ್ದಾಡಿದ್ರು. ಆಗ್ಲಿಲ್ಲ. ಒಂದಿನ ಕೀಬೋರ್ಡ್ ಮೇಲೆ ತಲೆಯಿಟ್ಟು ಅತ್ತುಬಿಟ್ರು.’

‘ಯಾವಾಗ?’

‘ಆ ಜನವರಿ. ಹೀಟರ್ ಕೆಟ್ಟಿತ್ತಲ್ಲ, ಆಗ.’

ಆ ಜನವರಿ ದಿನಾ ಸಂಜೆ ಅವನು ಸೂಪು ಕುಡಿಯುತ್ತಿದ್ದ. ಕೆಲಸ ಹೇಗಿತ್ತು ಎಂದು ಬುರುಲ್ ಕೇಳುತ್ತಿದ್ದಳು. ಪರವಾಗಿಲ್ಲ ಎನ್ನುತ್ತಿದ್ದ. ಮೂರು ವಾರ ಪರವಾಗಿಲ್ಲ. ಪ್ರತಿ ಬೇಸಿಗೆ ಅತ್ತೆಯೆದುರು ಕೂತು ಆ ಎರಡು ಉಣ್ಣೆಯ ಅಂಚು ಹಿಡಿದವಳು ಅವಳು. ಕಲ್ಲಂಗಡಿ ನೋಡಿಯೂ ಹೊಳೆದಿರಲಿಲ್ಲ.

(ಆ ಇಬ್ಬರ ನಡುವೆ ಏನೋ ಇತ್ತು ಎಂದುಕೊಳ್ಳುತ್ತಿದ್ದೀರಿ. ಒಂದು ಕರಡಿನಲ್ಲಿ ನಾನೂ ಹಾಗೇ ಬರೆದಿದ್ದೆ. ಬರೆಯಲು ಸಲೀಸು, ಮೋಸವಾದರೆ ಸತ್ತವನನ್ನು ಬೈಯಬಹುದು. ಏನೂ ಇರಲಿಲ್ಲ. ಕೆಲಸದ ಬಗ್ಗೆ ಮಾತಾಡಿದ್ದ, ಒಮ್ಮೆ ಅತ್ತಿದ್ದ. ಸಹಿಸಲಾಗದ್ದು ಅದೇ.)

6

ಬುರುಲ್ ಅಲ್ಲೇ ಕೂತು ಬರೆದಳು.

‘ಎರಡು ವಸ್ತುಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸಿ, ತುಂಡುಗಳನ್ನು ಅದಲುಬದಲಾಗಿ ಕೂರಿಸುತ್ತದೆ. ಎರಡೂ ಒಂದೇ ದಪ್ಪವಿರಬೇಕು. ಎರಡೂ ಬದಲಾಗುತ್ತವೆ. ಒಂದನ್ನೇ ಕತ್ತರಿಸಬೇಕಿದ್ದರೆ ಇದು ಬೇಡ, ಜಿಪಾರ್‌ಳ ಟೂಲ್ ಬಳಸಿ.’

ನಾಲ್ಕನೆಯ ಸಾಲಿನ ಕೊನೆಗೆ ಕರ್ಸರ್ ಮಿಟುಕುತ್ತಿದೆ. ಇನ್ನೂ ಸೇವ್ ಮಾಡಿಲ್ಲ.

ಅಂತ್ಯ ಒಂದು: ಸೇವ್ ಮಾಡುತ್ತಾಳೆ. ಗುರುವಾರ ಏಜೆಂಟ್ ಕಾರ್ಟೂನಿನ ಅಜ್ಜಿಗೆ ಶಿರ್ದಾಕ್ ಹಾಸುತ್ತದೆ. ಎರ್ಮೆಕ್ ಪಟ್ಟಿಯಲ್ಲಿ ಉಳಿಯುತ್ತಾನೆ, ಜಿಪಾರ್‌ಳ ಹೆಸರಿನ ಜೊತೆಯಲ್ಲಿ.

ಅಂತ್ಯ ಎರಡು: ನಾಲ್ಕೂ ಸಾಲು ಅಳಿಸುತ್ತಾಳೆ. ಶುಕ್ರವಾರ ಟೂಲ್ ಹೋಗುತ್ತದೆ. ಅವನು ಯಾರ ಪಾಲಿಗೂ ಇಲ್ಲ.

‘ಎರಡೂ ಬೇಡ’ ಎಂದಳು ಬುರುಲ್, ನನಗೆ.

‘ಮತ್ತೆ ಹೇಗೆ ಮುಗಿಸಲಿ?’

‘ಸ್ವಲ್ಪ ಸುಮ್ನಿರಿ. ಅವಳನ್ನ ಒಂದು ಮಾತು ಕೇಳ್ಬೇಕು.’

ಅವಳು ಕುರ್ಚಿಯನ್ನು ಜಿಪಾರ್ ಕಡೆಗೆ ಎಳೆದುಕೊಂಡಳು.

‘ಇನ್ನೇನು ಹೇಳಿದ್ದ?’

ಜಿಪಾರ್ ಹೇಳತೊಡಗಿದಳು. ನನಗೆ ಕೇಳಿಸುತ್ತಿದೆ. ಬರೆಯುವುದಿಲ್ಲ. ತೀರಿಕೊಂಡ ನನ್ನವನು ಯಾರ ಬಳಿ ಏನು ಹೇಳಿಕೊಂಡಿದ್ದನೋ, ಕೇಳೋಣವೆಂದರೆ ನನಗೊಬ್ಬ ಜಿಪಾರ್ ಇಲ್ಲ. ಬುರುಲ್‌ಗೆ ಇದ್ದಾಳೆ. ಶುಕ್ರವಾರ ಏನಾಯಿತೆಂದು ಬೇಕಿದ್ದರೆ ಅವಳನ್ನೇ ಕೇಳಿಕೊಳ್ಳಿ.