ಎಡಮುರಿ ಮೊದಲು

"ಎಡಮುರಿ ಮೊದಲು ಹಾಕಿ ನೋಡಿದೀರಾ?" ಅಂತ ನವನೀತ್ ಕೇಳಿದ್ದು ತೀರಾ ಸಾಧಾರಣವಾಗಿ, ಕ್ಲೆಮೆಂಟಿಯ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ಸಾಲಿನಲ್ಲಿ, ಕಾಫಿ ಕದಡುತ್ತಾ. ಎದುರು ಕೂತಿದ್ದ ವರ್ಣಿಕಾ ಮಾತ್ರ ಲೋಟ ಕೆಳಗಿಟ್ಟಳು.

"ಇಲ್ಲ. ಯಾಕೆ?"

"ಸುಮ್ನೆ ಕೇಳ್ದೆ ಅಷ್ಟೆ. ನಮ್ಮಲ್ಲಿ ಆರ್ಡರ್ ಚೇಂಜ್ ಮಾಡಿ ಟೆಸ್ಟ್ ಮಾಡೋದು ರೂಲ್. ಬಿಡಿ, ಸೋಮವಾರ ಬರೋರ್ಯಾರೂ ಅದನ್ನೆಲ್ಲಾ ಕೇಳಲ್ಲ."

ನವನೀತ್ ಆಂಗ್ ಮೋ ಕಿಯೋ ಬಡಾವಣೆಯ ಒಂದು ಚಿಪ್ ಕಂಪನಿಯ ಎಂಜಿನಿಯರ್. ಸೋಮವಾರ ಅವನ ಮೇಲಿನವರೆಲ್ಲ ಯೂನಿವರ್ಸಿಟಿಗೆ ಬಂದು ಅಲ್ಲಿ ಸಂಶೋಧಕಿಯಾಗಿದ್ದ ವರ್ಣಿಕಾಳ ಪ್ರಯೋಗ ನೋಡುವವರಿದ್ದರು. ಮೆಚ್ಚಿದರೆ ಅವರ ಕಂಪನಿಯಲ್ಲೇ ಕೆಲಸ, ಈ ದೇಶದಲ್ಲಿ ಉಳಿಯಲು ಹೊಸ ವರ್ಕ್ ಪಾಸು. ಇಲ್ಲವಾದರೆ ಯೂನಿವರ್ಸಿಟಿಯ ಕಾಂಟ್ರ್ಯಾಕ್ಟು ತಿಂಗಳ ಕೊನೆಗೆ ಮುಗಿಯುತ್ತದೆ, ಅವಳು ಗಂಟುಮೂಟೆ ಕಟ್ಟಿ ಊರಿಗೆ ಹೊರಡಬೇಕು.

ಪ್ರಯೋಗ ಏನು ಅಂತ ಹೇಳುವುದು ಕಷ್ಟವೇನಲ್ಲ. ಕೆಲವು ಅಣುಗಳು ಸುರುಳಿ ಮೆಟ್ಟಿಲಿನ ಹಾಗೆ ಸುತ್ತಿಕೊಂಡಿರುತ್ತವೆ. ಒಂದು ಬಲಕ್ಕೆ ಸುತ್ತಿದ್ದರೆ ಅದರ ಕನ್ನಡಿಬಿಂಬದಂಥ ಇನ್ನೊಂದು ಎಡಕ್ಕೆ. ಎಲೆಕ್ಟ್ರಾನಿಗೆ ಸ್ಪಿನ್ ಅಂತ ಒಂದು ಗುಣವಿದೆ. ಒಳಗೇ ಒಂದು ಪುಟ್ಟ ಅಯಸ್ಕಾಂತವಿದ್ದಂತೆ, ಮೇಲ್ಮುಖ ಇಲ್ಲವೇ ಕೆಳಮುಖ. ಬಲಕ್ಕೆ ಸುತ್ತಿದ ಅಣುಗಳು ಒಂದು ಮುಖದವನ್ನು ಹೆಚ್ಚಾಗಿ ದಾಟಿಸಿದರೆ ಎಡಕ್ಕೆ ಸುತ್ತಿದವು ಇನ್ನೊಂದು ಮುಖದವನ್ನು. ಇದನ್ನು ಪಳಗಿಸಿದರೆ ಚಿಪ್ಪಿನ ಮೆಮೊರಿಯನ್ನು ಅಣುಗಳಿಂದಲೇ ಬರೆಸಬಹುದು. ವರ್ಣಿಕಾಳ ಪರದೆಯ ಮೇಲೆ ಬಲಮುರಿಗೆ ಗೆರೆ ಮೇಲೇರುತ್ತಿತ್ತು, ಎಡಮುರಿಗೆ ಕೆಳಗಿಳಿಯುತ್ತಿತ್ತು. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಬಲಮುರಿ, ಎಡಮುರಿ ಅನ್ನುವ ಹೆಸರಿಟ್ಟವರು ಲ್ಯಾಬಿನ ಯಜಮಾನರಾದ ಪ್ರೊಫೆಸರ್ ಬದರಿನಾಥ್. ಮೈಸೂರಿನವರು. ಯಾವತ್ತೇ ಆಗಲಿ ಬಲಮುರಿಯೇ ಮೊದಲು ಅನ್ನುವುದು ಅವರದೇ ಕಟ್ಟಪ್ಪಣೆ. "ಹೊಸ ಮನೆಗೆ ಎಡಗಾಲಿಟ್ಟು ಹೋಗ್ತಾರೇನಮ್ಮಾ?" ಅನ್ನುತ್ತಿದ್ದರು. ಎಲ್ಲರೂ ನಕ್ಕು ಹಾಗೇ ಮಾಡುತ್ತಿದ್ದರು. ಮಾಡಿದರೆ ಏನು ಗಂಟು ಹೋಗುತ್ತೆ ಹೇಳಿ!

ಹೋಗುವ ಗಂಟು ಯಾವುದು ಅಂತ ವರ್ಣಿಕಾಗೆ ಹೊಳೆದದ್ದು ಕ್ಯಾಂಪಸ್ ಬಸ್ಸಿನಲ್ಲಿ ನಿಂತಿದ್ದಾಗ. ಅಣುಗಳ ಪದರದ ಕೆಳಗೆ, ಮುಚ್ಚಿದ ಡಬ್ಬಿಯಲ್ಲಿ ಒಂದು ಅಯಸ್ಕಾಂತವಿದೆ. ಗುಂಡಿ ಒತ್ತಿದರೆ ಅದು ಅರ್ಧ ಸುತ್ತು ತಿರುಗುತ್ತದೆ. ಮೇಲ್ಮುಖವಾಗಿದ್ದಾಗ ಒಮ್ಮೆ, ತಿರುಗಿದ ಮೇಲೆ ಒಮ್ಮೆ ಕರೆಂಟು ಅಳೆದು ಕಂಪ್ಯೂಟರು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಸರಿ. ಆಮೇಲೆ ಅದನ್ನು ಮತ್ತೆ ಮೇಲ್ಮುಖ ಮಾಡುವವರು ಯಾರು?

ಯಾರೂ ಇಲ್ಲ. ಬಲಮುರಿ ಮುಗಿದಾಗ ಅಯಸ್ಕಾಂತ ತಲೆಕೆಳಗಾಗಿರುತ್ತದೆ. ಎಡಮುರಿಯ ಸರದಿ ಶುರುವಾಗುವುದೇ ಹಾಗೆ. ಕಂಪ್ಯೂಟರಿಗೆ ಆ ಸುದ್ದಿಯೇ ಇಲ್ಲ, ಅದು ತಿರುವುಮುರುವು ಕಳೆಯುತ್ತದೆ. ಎಡಮುರಿ ಮುಗಿಯುವಷ್ಟರಲ್ಲಿ ಅಯಸ್ಕಾಂತ ತಾನಾಗಿ ಮೊದಲಿನ ಜಾಗಕ್ಕೆ ಬಂದಿರುತ್ತದೆ, ಮರುದಿನ ಮತ್ತೆ ಬಲಮುರಿ ಮೊದಲು. ಹಾಗಾದರೆ ಗೆರೆ ಕೆಳಗಿಳಿದದ್ದು ಅಣುವಿನಿಂದಲೋ, ಸರದಿಯಿಂದಲೋ? ಅವಳಿಗೆ ಇಳಿಯಬೇಕಾದ ಸ್ಟಾಪು ದಾಟಿಹೋದದ್ದೂ ತಿಳಿಯಲಿಲ್ಲ.

ಶನಿವಾರವಾದ್ದರಿಂದ ಲ್ಯಾಬಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಎಡಮುರಿ ಅಣುಗಳ ಪದರವಿದ್ದ ಚೂರನ್ನು ಚಿಮಟದಿಂದ ಎತ್ತಿ ಡಬ್ಬಿಯ ಮೇಲಿಟ್ಟಳು. ದೇವರೇ, ಕೆಳಗಿಳಿಯಲಿ, ಒಂದೇ ಒಂದು ಸಲ ಕೆಳಗಿಳಿಯಲಿ, ಅಂತ ಗೊಣಗುತ್ತಲೇ ಗುಂಡಿ ಒತ್ತಿದಳು.

ಗೆರೆ ಮೇಲೇರಿತು.

ಬಲಮುರಿ ಹಾಕಿದಳು. ಕೆಳಗಿಳಿಯಿತು. ಡಬ್ಬಿಯ ಮುಚ್ಚಳ ತೆಗೆದು, ಪ್ರತಿ ಸಲವೂ ಅಯಸ್ಕಾಂತದ ಕೆಂಪು ತುದಿಯನ್ನು ತಾನೇ ಮೇಲೆ ಮಾಡಿ, ಬಲಮುರಿಯನ್ನೊಮ್ಮೆ, ಎಡಮುರಿಯನ್ನೊಮ್ಮೆ ಅಳೆದಳು. ಎರಡೂ ಮೇಲೇರಿದವು. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ, ಗೆರೆಯನ್ನು ಏರಿಳಿಸುತ್ತಿದ್ದದ್ದು ಅಯಸ್ಕಾಂತವೊಂದೇ. ಬೇರೆಯವರ ಲ್ಯಾಬುಗಳಲ್ಲಿ ಅಣುಗಳು ಏನು ಮಾಡುತ್ತಿದ್ದವೋ, ಇಲ್ಲಿ ಮಾತ್ರ ಮೂರು ವರ್ಷ ಏನೂ ಮಾಡಿರಲಿಲ್ಲ. ಅಯ್ಯೋ, ನನ್ನ ಕಥೆ ಮುಗೀತು ಅಂತ ಅವಳು ಎಡಮುರಿಯ ಮೊದಲ ಗೆರೆಯನ್ನು ಮತ್ತೆ ಪರದೆಗೆ ತಂದು ಸ್ಟೂಲಿನ ಮೇಲೆ ಕೂತಳು.

ಬಾಗಿಲು ತೆರೆದ ಸದ್ದಾಯಿತು. ಬದರಿನಾಥ್! ದೇವಸ್ಥಾನದಿಂದ ನೇರ ಬಂದಿದ್ದರು, ಹಣೆಯ ಮೇಲೆ ಕುಂಕುಮವಿತ್ತು.

"ಏನಮ್ಮಾ, ಶನಿವಾರಾನೂ ಬಿಡಲ್ವಾ?" ಅನ್ನುತ್ತಾ ಬಂದು ಪರದೆಯ ಕಡೆ ಬಗ್ಗಿದರು. "ಆಹಾ! ಬಲಮುರಿ ಎಷ್ಟು ಕ್ಲೀನಾಗಿ ಬಂದಿದೆ ನೋಡು. ಸೋಮವಾರ ಹೀಗೇ ಬಂದ್ಬಿಟ್ರೆ ಸಾಕು."

ಹೂಂ ಸರ್ ಅಂದುಬಿಟ್ಟರೆ ಮುಗಿಯಿತು. ವರ್ಣಿಕಾ ಪರದೆಯತ್ತ ಬೆರಳು ತೋರಿಸಿದಳು.

"ಅದು ಬಲಮುರಿ ಅಲ್ಲ ಸರ್. ಎಡಮುರಿ ಮೊದಲು ಹಾಕಿದ್ದೆ."

ಅವರು ಪರದೆಯನ್ನು ನೋಡಿದರು, ಮುಚ್ಚಳ ತೆಗೆದ ಡಬ್ಬಿಯನ್ನು ನೋಡಿದರು. ಅಷ್ಟು ಸಾಕಿತ್ತು, ದಡ್ಡರಲ್ಲ. ಮುಖ ಬಿಳಿಚಿಕೊಂಡಿತು. ಹೋಗಿ ಬಾಗಿಲು ಹಾಕಿ ಬಂದರು.

"ಯಾರಿಗಾದ್ರೂ ಹೇಳಿದೀಯಾ?"

ಆ ದನಿಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಮನುಷ್ಯ ತನಗಿಂತ ಹೆಚ್ಚು ಹೆದರಿದ್ದಾರೆ ಅನ್ನಿಸಿತು.

"ಸೋಮವಾರ ಕಳೀಲಿ ವರ್ಣಿಕಾ. ಆಮೇಲೆ ನಿಧಾನವಾಗಿ ನಾವೇ ಸರಿ ಮಾಡೋಣ. ನೀನೇನೂ ಸುಳ್ಳು ಹೇಳ್ಬೇಕಾಗಿಲ್ಲ. ಎಂದಿನ ಹಾಗೆ ಬಲಮುರಿ ಮೊದಲು ಹಾಕು, ಅಷ್ಟೆ. ಗೆರೆ ನೋಡಿ ಅವ್ರೇ ಅರ್ಥ ಮಾಡ್ಕೋತಾರೆ."

ಅವಳಿಗೆ ಹಾಯೆನಿಸಿತು. ಹೌದು, ನಿಜವಾಗಿಯೂ ಹಾಯೆನಿಸಿತು. ಕೆಲಸ, ಪಾಸು, ಬಾಡಿಗೆ ರೂಮು ಎಲ್ಲ ಮತ್ತೆ ಕೈಗೆ ಬಂದಂತೆ. ಮರುಕ್ಷಣ ಆ ಹಾಯೇ ಅವಳನ್ನು ಹೆದರಿಸಿತು. ಗೆರೆ ಮೇಲೇರಿದಾಗಲೂ ಅವಳು ಇಷ್ಟು ಹೆದರಿರಲಿಲ್ಲ. ಇನ್ನು ಐದು ನಿಮಿಷ ಈ ಮನುಷ್ಯನ ಮಾತು ಕೇಳಿದರೆ ತಾನು ಖಂಡಿತ ಒಪ್ಪಿಬಿಡುತ್ತೇನೆ ಅಂತ ಅವಳಿಗೆ ಗೊತ್ತಾಗಿಹೋಯಿತು.

"ನವನೀತ್‌ಗೆ ಆಗ್ಲೇ ಕಳಿಸ್ಬಿಟ್ಟೆ ಸರ್."

"ಕಳಿಸ್ಬಿಟ್ಯಾ?"

"ಹೂಂ ಸರ್. ಗ್ರಾಫ್ ಫೋಟೋ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಳ್ಳಲು ಮರೆತು ಕೈಯಲ್ಲೇ ಹಿಡಿದು ಹೊರಗೆ ಹೋದರು.

ಹೆಜ್ಜೆಯ ಸದ್ದು ಕಾರಿಡಾರಿನ ಕೊನೆ ಮುಟ್ಟುವವರೆಗೆ ವರ್ಣಿಕಾ ಅಲ್ಲೇ ಕೂತಿದ್ದಳು. ಆಮೇಲೆ ಬ್ಯಾಗಿನಿಂದ ಫೋನು ತೆಗೆದಳು, ಪರದೆಯ ಫೋಟೋ ಹೊಡೆದಳು, ನವನೀತನ ಹೆಸರು ಹುಡುಕಿ ಕಳಿಸಿದಳು.